ಡಾಕ್ಟರರ ಫಟಫಟಿಗೆ ಹಾಕಿದ ಎಣ್ಣೆ

ನನ್ನ ಸೊಸೆ ಒಳ್ಳೆಯವಳು. ಮೊನ್ನೆ ಕೂಸಿಗೆ ಹೊಟ್ಟೆ ಉಬ್ಬಿತೆಂದು ಔಡಲೆಣ್ಣೆ ಬಿಸಿಗಿಟ್ಟಿದ್ದಳು. ಕೂಸು ಅತ್ತಿತು, ಅವಳು ಎದ್ದು ಹೋದಳು, ಒಲೆಯ ಮೇಲಿನ ಎಣ್ಣೆ ಸೀದು ಹೊಗೆಯಾಡಿತು. ಆ ಹೊಗೆ ಪಡಸಾಲೆಗೆ ಬಂದದ್ದೇ ತಡ, ನಾನು ಕೋಲು ಹಿಡಿದು ಹೊರಗೆ ನಡೆದೆ. ಮಸೀದಿಯ ಕಟ್ಟೆಯ ತನಕ ಹೋಗಿ ಕೂತೆ. ಮಾವನಿಗೆ ಸಿಟ್ಟು ಬಂತೇನೋ ಎಂದು ಅವಳು ನನ್ನ ಮಗನನ್ನು ಹಿಂದೆಯೇ ಕಳಿಸಿದಳು. ಸಿಟ್ಟು ಬಂದದ್ದು ನಿಜ. ಅವಳ ಮೇಲೆ ಬಂದದ್ದಲ್ಲ.

ಸೀದ ಔಡಲೆಣ್ಣೆಗೆ, ಹರಳೆಣ್ಣೆ ಎನ್ನುತ್ತಾರಲ್ಲ, ಅದಕ್ಕೆ ಒಂದು ಬಗೆಯ ಸಿಹಿ ವಾಸನೆ ಇರುತ್ತದೆ. ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ, ಒಂದೇ ಒಂದು ವರ್ಷ, ಅದೂ ಕೆಲವೇ ತಿಂಗಳು, ಹಳಿಯಾಳದ ಪೇಟೆಯಲ್ಲಿ ದಿನಾ ಬೆಳಿಗ್ಗೆ ಆ ವಾಸನೆ ಹರಡುತ್ತಿತ್ತು. ಅದು ನಾನು ಕಟ್ಟಿದ ಇಂಜಿನಿನ ಹೊಗೆ. ಅಂಥ ಇಂಜಿನನ್ನು ನಾನು ಹಿಂದೆ ಕಟ್ಟಿರಲಿಲ್ಲ, ಮುಂದೆಯೂ ಕಟ್ಟಲಿಲ್ಲ. ಅದರಿಂದ ಒಬ್ಬ ಡಾಕ್ಟರರ ಕಾಲು ಹೋಯಿತು, ಒಬ್ಬ ಲಾರಿ ಡ್ರೈವರನ ಹೆಸರು ಹೋಯಿತು. ಕಾಲು ಹೋದದ್ದು ನಾನು ಬಾಯಿ ಬಿಡದೆ ಇದ್ದುದಕ್ಕೆ, ಹೆಸರು ಹೋದದ್ದು ಬಾಯಿ ಬಿಟ್ಟಿದ್ದಕ್ಕೆ. ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಆಗ ನನಗೆ ಮೂವತ್ತರ ಹತ್ತಿರ ವಯಸ್ಸು. ಹಳಿಯಾಳದ ಪೇಟೆಯ ಕೊನೆಗೆ ತಗಡಿನ ಛಾವಣಿಯ ಒಂದು ಅಂಗಡಿ ಇತ್ತು. ಹೊಲಿಗೆ ಯಂತ್ರ, ಗ್ಯಾಸಿನ ಬತ್ತಿ, ಹಿಟ್ಟಿನ ಗಿರಣಿಯ ಇಂಜಿನು, ಏನು ಬಂದರೂ ರಿಪೇರಿ ಮಾಡುತ್ತಿದ್ದೆ. ಆದರೆ ನನ್ನ ಜೀವವೆಲ್ಲ ಮೋಟಾರ್‌ಸೈಕಲ್ಲಿನ ಮೇಲೆ. ಅದನ್ನು ನಮ್ಮ ಕಡೆ ಫಟಫಟಿ ಎನ್ನುತ್ತಾರೆ. ಆ ವಿದ್ಯೆ ಕಲಿಸಿದವರು ಹುಬ್ಬಳ್ಳಿಯಲ್ಲಿದ್ದ ನನ್ನ ಉಸ್ತಾದ್. ಅವರು ಮುಂಬೈಯಲ್ಲಿ ಬಿಳಿಯರ ರೇಸಿನ ಗಾಡಿಗಳಿಗೆ ಕೈ ಹಚ್ಚಿದ್ದವರು. ಕಲಿಸುವಾಗ ಎರಡು ಮಾತು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು, "ಇಂಜಿನ್ ಕಾದು ಸಾಯಬಾರ್ದು ಅಂದ್ರ ಔಡಲೆಣ್ಣಿ ಹಾಕು. ಆದರ ಅದು ಒಂಟಿ ಪ್ರಾಣಿ, ಬ್ಯಾರೆ ಎಣ್ಣಿ ಜೋಡಿ ಕೂಡೂದಿಲ್ಲ." ಇನ್ನೊಂದು, "ಗಿರಾಕಿಗೆ ಗಾಡಿ ಕೊಡು, ಗುಟ್ಟು ಕೊಡಬ್ಯಾಡ. ಗುಟ್ಟು ಕೊಟ್ಟ ಮಿಸ್ತ್ರಿ ಮರುದಿನ ಹಮಾಲಿ." ಎರಡನ್ನೂ ನಾನು ಕಲ್ಮಾ ಕಲಿತಷ್ಟೇ ಭಕ್ತಿಯಿಂದ ಕಲಿತೆ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ದಿನ ಬಂದೀತೆಂದು ಅವರೂ ಎಣಿಸಿರಲಿಕ್ಕಿಲ್ಲ.

ಡಾಕ್ಟರ್ ಶಿವಲಿಂಗಪ್ಪನವರು ಆ ವರ್ಷದ ಬೇಸಿಗೆಯ ಕೊನೆಗೆ ನನ್ನ ಅಂಗಡಿಗೆ ಬಂದರು. ಹಳಿಯಾಳದ ದವಾಖಾನೆ ಅವರದು. ಅದರ ಜೊತೆಗೆ ದಾಂಡೇಲಿಯ ಕಟ್ಟಿಗೆ ಡಿಪೋ, ಅಂಬೇವಾಡಿ, ಸೂಪಾ, ಜೋಯಿಡಾದ ಕಾಡಿನ ಹಳ್ಳಿಗಳು, ಎಲ್ಲ ಕಡೆಯೂ ಚಳಿಜ್ವರಕ್ಕೆ ಅವರೊಬ್ಬರೇ. ಊರು ಬಿಟ್ಟು ಹೋಗುವ ಒಬ್ಬ ಬಿಳಿ ಅರಣ್ಯಾಧಿಕಾರಿಯಿಂದ ಹಳೆಯದೊಂದು ಫಟಫಟಿ ಕೊಂಡಿದ್ದರು. ಅದನ್ನು ದೂಡಿಕೊಂಡೇ ಬಂದರು.

"ಇಮಾಮಸಾಬ, ಇದು ಜೋಯಿಡಾ ತನಕಾ ಬರತೈತಿ. ಆದರ ನನ್ನ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ಬರತೈತಿ," ಎಂದರು.

ನಾನು ನಕ್ಕೆ. ಇಂಜಿನ್ ಗಟ್ಟಿ ಇದೆ, ಆದರೆ ಮುದಿಯಾಗಿದೆ, ಬಿಚ್ಚಿ ಹೊಸದಾಗಿ ಕಟ್ಟಿದರೆ ಕಂಪನಿಯಿಂದ ಬಂದ ದಿನಕ್ಕಿಂತ ಜೋರಾಗಿ ಓಡಿಸಬಲ್ಲೆ ಎಂದೆ. ಅವರು ಕೈ ಅಡ್ಡ ಮಾಡಿದರು.

"ರೇಸಿಗೆ ಬ್ಯಾಡಪಾ. ನಾ ದಿನಾ ಓಡಾಡಾಂವ. ಎತ್ತಿನ ಗಾಡಿ ಹಿಂದ ಸಾವಕಾಶ ಹೋದ್ರೂ ಕಾಯಬಾರ್ದು, ಖಾಲಿ ರಸ್ತೆ ಸಿಕ್ಕರ ಹಾರಬೇಕು. ಮಳ್ಯಾಗ ಒಂದ ಒದಿಕಿಗೆ ಚಾಲೂ ಆಗಬೇಕು. ಏರಿನ್ಯಾಗ ನಿಲ್ಲಬಾರ್ದು. ಜ್ವರ ನೆತ್ತಿಗೆ ಏರಿದ ಕೂಸು ನಾ ಬರೂತನಕಾ ಕಾಯೂದಿಲ್ಲ."

ರೇಸಿನ ಇಂಜಿನ್ ಕಟ್ಟುವುದು ಸುಲಭ. ಒಂದು ತಾಸು ಜೀವ ಬಿಟ್ಟು ಓಡಿದರೆ ಅದರ ಕೆಲಸ ಮುಗಿಯಿತು. ದಿನಾ ದುಡಿಯುವ ಇಂಜಿನಿಗೆ ಅಷ್ಟೇ ಕಸುವು ತುಂಬುವುದಿದೆಯಲ್ಲ, ಅದು ಬೇರೆಯೇ ಕೆಲಸ. ಆ ಮಳೆಗಾಲವಿಡೀ ನಾನು ಅದನ್ನೇ ಮಾಡಿದೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ, ನಾನು ಗೋಣಿಚೀಲದ ಮೇಲೆ ಇಂಜಿನಿನ ಭಾಗಗಳನ್ನು ಹರಡಿಕೊಂಡು ಕೂತಿರುತ್ತಿದ್ದೆ. ಗಾಳಿ, ಪೆಟ್ರೋಲು ಒಳಗೆ ಹೋಗುವ ದಾರಿಯನ್ನು ಬಿದಿರ ಕಡ್ಡಿಗೆ ಮರಳು ಕಾಗದ ಸುತ್ತಿ ಕನ್ನಡಿಯಾಗುವ ತನಕ ಉಜ್ಜಿದೆ. ಪಿಸ್ಟನ್ನಿನ ಒಳಮೈಯನ್ನು ಗುಲಗಂಜಿ ತೂಕ ಲೆಕ್ಕ ಹಾಕಿ ಕೆರೆದು ಹಗುರ ಮಾಡಿದೆ. ವಾಲ್ವುಗಳನ್ನು ಕೈಯಲ್ಲೇ ತಿರುವಿ ತಿರುವಿ ಕೂರಿಸಿದೆ. ಬೆರಳ ಚರ್ಮ ಸುಲಿದು ಉಣ್ಣುವಾಗ ಖಾರ ಹತ್ತುತ್ತಿತ್ತು. ನನ್ನ ಹೆಂಡತಿ ಖತೀಜಾ ರೊಟ್ಟಿ ಮುರಿದು ಕೊಡುತ್ತ, "ಆ ಫಟಫಟಿ ಜೋಡಿನ ನಿಕಾ ಮಾಡಿಸಿಕೋಬೇಕಿತ್ತು ನೀವು," ಎನ್ನುತ್ತಿದ್ದಳು.

ದೊಡ್ಡ ತಲೆನೋವು ಪೆಟ್ರೋಲಿನದು. ಇಂಜಿನಿನ ಒಳಗೆ ಒತ್ತಡ ಹೆಚ್ಚಿಸಿದಷ್ಟೂ ಕಸುವು ಹೆಚ್ಚುತ್ತದೆ. ಆದರೆ ಯುದ್ಧಕಾಲದ ರೇಷನ್ನಿನ ಪೆಟ್ರೋಲು ನೀರಿಗಿಂತ ಸ್ವಲ್ಪ ಮೇಲು, ಅಷ್ಟೇ. ಒತ್ತಡ ಮಿತಿ ಮೀರಿದರೆ ಏರಿನಲ್ಲಿ ಒಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದ ಸಪ್ಪಳ ಬರುತ್ತದೆ, ಹಾಗೇ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ. ಸಿಲಿಂಡರಿನ ಬುಡಕ್ಕೆ ಕೂರಿಸಲು ಬೇರೆ ಬೇರೆ ದಪ್ಪದ ಮೂರು ತಗಡು ಕತ್ತರಿಸಿಕೊಂಡೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮುಂಡಗೋಡದ ಕಡೆಯ ರಸ್ತೆಗೆ ಹೋಗಿ ಒಂದೊಂದನ್ನೂ ಹಾಕಿ ಓಡಿಸಿ ನೋಡಿದೆ. ತಗಡು ತೆಳ್ಳಗಾದಷ್ಟೂ ಒತ್ತಡ ಹೆಚ್ಚು; ತೆಳ್ಳನೆಯದು ಹಾಕಿದಾಗ ಗಾಡಿ ಹುಚ್ಚು ಕುದುರೆ. ನನಗೆ ಅದೇ ಇಷ್ಟವಾಯಿತು. ಆದರೂ ಡಾಕ್ಟರರ ಮಾತು ನೆನೆದು ನಡುವಿನದನ್ನೇ ಹಾಕಿದೆ. ಆ ವರ್ಷ ನಾನು ಮಾಡಿದ ಶಾಣ್ಯಾತನದ ಕೆಲಸ ಅದೊಂದೇ.

ಇನ್ನು ಉಳಿದದ್ದು ಎಣ್ಣೆ. ಒಳ್ಳೆಯ ವಿಲಾಯತಿ ಇಂಜಿನ್ ಎಣ್ಣೆಯೆಲ್ಲ ಮಿಲಿಟರಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಸಿಗುತ್ತಿದ್ದದ್ದು ಕರೀ ರಾಡಿ. ಉಸ್ತಾದರ ಮಾತು ನೆನಪಿತ್ತು. ಗಾಣಿಗರ ಓಣಿಗೆ ಹೋಗಿ ಔಡಲೆಣ್ಣೆ ತಂದು, ಕಾಯಿಸಿ ನೀರಿನ ಪಸೆ ತೆಗೆದು, ಮಲ್ಲಿನ ಬಟ್ಟೆಯಲ್ಲಿ ನಾಲ್ಕು ಸಲ ಸೋಸಿದೆ. ಗಿಂಡಿಯನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಹೋಗಿ ಬರುತ್ತಿದ್ದೆ. ಗಾಣಿಗರ ಮುದುಕಿ ಮೂರನೆಯ ಸಲಕ್ಕೆ, "ಮಿಸ್ತ್ರಿ, ನಿಮ್ಮ ಮನ್ಯಾಗ ಎಷ್ಟು ಮಂದಿಗೆ ಹೊಟ್ಟಿ ಕಟ್ಟೇತ್ರಿ?" ಎಂದು ಕೇಳಿದಳು. ನನ್ನ ಹೊಟ್ಟೆಯೇ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಬಸ್ಸಿನ ಗ್ಯಾರೇಜಿನ ಮಿಸ್ತ್ರಿಗಳಿಗೆ ಇದು ಗೊತ್ತಾಗಬಾರದು ಎನ್ನುವುದೊಂದೇ ನನ್ನ ಚಿಂತೆ.

ಗಾಡಿ ಒಪ್ಪಿಸಿದ ದಿನ ಡಾಕ್ಟರರು ಒಂದೇ ಒದೆತಕ್ಕೆ ಚಾಲೂ ಮಾಡಿ ದಾಂಡೇಲಿಗೆ ಹೋಗಿ ಊಟದ ಹೊತ್ತಿಗೆ ತಿರುಗಿ ಬಂದರು. ಮುಖದ ತುಂಬ ಕೆಸರು, ಕೆಸರಿನ ತುಂಬ ನಗು. ಎಣ್ಣೆಯ ಟಾಕಿಯ ಮೇಲೆ ಕೈಯಿಟ್ಟು ನಾನು ಹೇಳಿದೆ: "ಸಾಹೇಬ್ರ, ಪೆಟ್ರೋಲ್ ಎಲ್ಲಿದಾದ್ರೂ ಹಾಕ್ಸ್ರಿ. ಎಣ್ಣಿ ಮಾತ್ರ ನಾನ ಹಾಕ್ತೇನ್ರಿ."

"ಯಾಕಪಾ, ನನ್ನ ಕೈ ಏನ್ ಸವೆಯಾಂಗಿಲ್ಲ. ಕಡಿಮಿ ಆದ್ರ ನಾನ ಒಂದಿಷ್ಟು ಹಾಕ್ಕೋತೇನಿ."

"ನಮ್ಮ ಕಸಬು ಬಿಡ್ರಿ ಸಾಹೇಬ್ರ," ಎಂದು ನಕ್ಕುಬಿಟ್ಟೆ. ದಾರಿಯಲ್ಲಿ ಕಡಿಮೆ ಬಿದ್ದರೆ ಇರಲೆಂದು ಒಂದು ಬಾಟಲಿಯಲ್ಲಿ ಹೆಚ್ಚಿನ ಎಣ್ಣೆ ತುಂಬಿ, ಬೂಚು ಬಿಗಿದು, ಗಾಡಿಯ ಚೀಲಕ್ಕೆ ಸೇರಿಸಿದೆ. ಬೇರೆ ಎಣ್ಣೆ ಇದರ ಜೊತೆ ಕೂಡುವುದಿಲ್ಲ, ಹೆಪ್ಪುಗಟ್ಟುತ್ತದೆ, ಇಂಜಿನ್ ಹಿಡಿದು ನಿಂತುಬಿಡುತ್ತದೆ. ಹೇಳಬೇಕಾಗಿದ್ದದ್ದು ಇಷ್ಟೇ. ಹೇಳಿದ್ದರೆ, ಯಾಕೆ ಕೂಡುವುದಿಲ್ಲ, ಇದು ಯಾವ ಎಣ್ಣೆ ಎಂಬ ಪ್ರಶ್ನೆ ಬರುತ್ತಿತ್ತು. ನಾನು ನಕ್ಕೆ, ಅವರೂ ನಕ್ಕರು.

ಮಳೆ ಹಿಂದೆಗೆದ ಮೇಲೆ ಜ್ವರದ ಹಂಗಾಮು ಶುರುವಾಯಿತು. ಜೋಯಿಡಾ ಕಡೆಯ ಕಾಡಿನಲ್ಲಿ ಅದು ದಿನಾ ಸೂರ್ಯ ಹುಟ್ಟಿದಷ್ಟೇ ಖಾತ್ರಿ. ಆ ಸಲ ಕ್ವಿನೀನೂ ಸಿಗುತ್ತಿರಲಿಲ್ಲ. ಇದ್ದಷ್ಟನ್ನು ಡಾಕ್ಟರರು ತಾವೇ ಒಯ್ದು, ಯಾರಿಗೆ ಕೊಟ್ಟರೆ ಉಳಿದಾರು ಎಂದು ನೋಡಿ ನೋಡಿ ಕೊಡುತ್ತಿದ್ದರು. ಮೊದಲು ವಾರಕ್ಕೊಮ್ಮೆ ತಲುಪುತ್ತಿದ್ದ ಹಳ್ಳಿಗಳಿಗೆ ಈಗ ದಿನ ಬಿಟ್ಟು ದಿನ ಹೋಗತೊಡಗಿದರು. ಕಾಡಿನ ಜನ ಸಪ್ಪಳ ಕೇಳಿಯೇ ಜ್ವರದವರನ್ನು ಹೊತ್ತು ರಸ್ತೆಗೆ ತಂದು ಕೂರಿಸುತ್ತಿದ್ದರಂತೆ. ನಾನು ಪೇಟೆಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದೆ. ಬಸ್ಸಿನ ಮಿಸ್ತ್ರಿಗಳು ಚಹಾ ಕುಡಿಸಿ ಗುಟ್ಟು ಕೇಳುತ್ತಿದ್ದರು. ನಾನು ಚಹಾ ಕುಡಿಯುತ್ತಿದ್ದೆ, ಗುಟ್ಟು ಹೇಳುತ್ತಿರಲಿಲ್ಲ.

ಆ ಹಂಗಾಮಿನ ನಡುವೆ ಡಾಕ್ಟರರು ಐದು ದಿನಕ್ಕೆಂದು ಜೋಯಿಡಾ ಕಡೆ ಹೋದರು. ಒಂದು ಹಳ್ಳಿ ಮುಗಿದರೆ ಇನ್ನೊಂದು ಹಳ್ಳಿಯವರು ಬಂದು ಕರೆದರು. ಐದು ಒಂಬತ್ತಾಯಿತು. ಬಾಟಲಿಯ ಎಣ್ಣೆ ಖಾಲಿಯಾಯಿತು, ಟಾಕಿಯ ತಳ ಕಂಡಿತು. ಆಗ ದಾರಿಯಲ್ಲಿ ಸಿಕ್ಕವನು ರಾಮಾ. ಒಬ್ಬ ಕಟ್ಟಿಗೆ ಗುತ್ತಿಗೆದಾರನ ಲಾರಿ ಡ್ರೈವರ್, ಜೋಯಿಡಾ ಕಡೆಯವನು. ಆ ಗುತ್ತಿಗೆದಾರ ಮಿಲಿಟರಿಗೆ ಸಾಗವಾನಿ ಕೊಡುತ್ತಿದ್ದುದರಿಂದ ಅವನ ಲಾರಿಗಳಿಗೆ ಮಾತ್ರ ಮಿಲಿಟರಿಯ ವಿಲಾಯತಿ ಎಣ್ಣೆ ಸಿಗುತ್ತಿತ್ತು. ಹಿಂದಿನ ತಿಂಗಳಷ್ಟೇ ರಾಮಾನ ಮಗಳನ್ನು ಡಾಕ್ಟರರು ಜ್ವರದಿಂದ ಉಳಿಸಿದ್ದರು. ಅವನು ಸೀಲು ಒಡೆಯದ ಡಬ್ಬಿಯೊಂದನ್ನು ಇಳಿಸಿ, ತಾನೇ ಸೀಲು ಒಡೆದು, ತನ್ನ ಕೈಯಾರೆ ಟಾಕಿ ತುಂಬಿಸಿದ. ಇಡೀ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಎಣ್ಣೆ ಇರಲಿಲ್ಲ.

ಎರಡು ಹರದಾರಿ ಹೋಗುವಷ್ಟರಲ್ಲಿ, ಇಳಿಜಾರಿನಲ್ಲಿ ಇಂಜಿನ್ ಹಿಡಿಯಿತು. ಹಿಂದಿನ ಚಕ್ರ ಕಟ್ಟಿಹಾಕಿದಂತೆ ನಿಂತಿತು. ಡಾಕ್ಟರರು ಕಲ್ಲಿನ ಮೇಲೆ ಬಿದ್ದರು, ಗಾಡಿ ಅವರ ಬಲಗಾಲಿನ ಮೇಲೆ ಬಿತ್ತು. ಬೆಳಿಗ್ಗೆ ಬಿದ್ದವರನ್ನು ಸಂಜೆಗೆ ಎತ್ತಿನ ಗಾಡಿಯೊಂದು ದಾಂಡೇಲಿಗೆ ತಂದಿತು. ಅಲ್ಲಿಂದ ಧಾರವಾಡಕ್ಕೆ ಸಾಗಿಸಿದರು. ಆ ಹಂಗಾಮಿನಲ್ಲಿ ಜೋಯಿಡಾದ ಹಳ್ಳಿಗಳಿಗೆ ಮತ್ತೆ ಯಾರೂ ಹೋಗಲಿಲ್ಲ. ಎಷ್ಟು ಮಂದಿ ಸತ್ತರೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಗಾಡಿಯನ್ನು ನನ್ನ ಅಂಗಡಿಗೆ ತಂದು ಹಾಕಿದವರೇ ರಾಮಾ ಸೀಲು ಒಡೆದು ಎಣ್ಣೆ ಹಾಕಿದ ಕತೆಯನ್ನೂ ಹೇಳಿದರು. ಹಿಂದೆಯೇ ಗುತ್ತಿಗೆದಾರನ ಲೆಕ್ಕ ಬರೆಯುವ ಕಾರಕೂನ ಬಂದು ನನ್ನ ಸ್ಟೂಲಿನ ಮೇಲೆ ಕೂತ. ಬಾಗಿಲಲ್ಲಿ ಅರ್ಧ ಪೇಟೆ ನಿಂತಿತ್ತು. ನಾನು ಎಣ್ಣೆಯ ಪಂಪು ಬಿಚ್ಚಿದೆ. ಒಳಗೆ ರಾಗಿ ಅಂಬಲಿಯಂತೆ ಕಂದು ಬಣ್ಣದ ಹೆಪ್ಪು. ಎಣ್ಣೆ ಹರಿಯುವ ಸಣ್ಣ ತೂತುಗಳೆಲ್ಲ ಕಟ್ಟಿದ್ದವು, ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು. ಬೆರಳಿಗೆ ಅದು ಹತ್ತಿದ ಕ್ಷಣವೇ ನನಗೆ ಎಲ್ಲ ತಿಳಿಯಿತು. ಉಸ್ತಾದರು ಕಿವಿಯಲ್ಲೇ ನಿಂತು ಹೇಳಿದ ಹಾಗಾಯಿತು.

"ಏನ್ ಮಿಸ್ತ್ರಿ, ಎಣ್ಣಿ ಕೆಟ್ಟಿತ್ತೇನು?" ಕಾರಕೂನ ಕೇಳಿದ. "ರಾಮಾ ಚಲೋ ಎಣ್ಣಿ ಮಾರಿಕೊಂಡು ಡಬ್ಬ್ಯಾಗ ಹೊಲಸು ತುಂಬ್ಯಾನ ಅಂತ ನಮ್ಮ ಸಾವಕಾರ್ರಿಗೆ ಸಂಶೇ ಐತಿ. ನಿನ್ನ ಮಾತ ಅಖೈರು."

ಸೀಲು ಒಡೆಯದ ಡಬ್ಬಿ, ಎಣ್ಣೆ ಒಳ್ಳೆಯದೇ ಇತ್ತು, ತಪ್ಪು ನನ್ನದು. ಇಷ್ಟು ಹೇಳಲು ಉಸಿರೊಂದು ಸಾಕಾಗಿತ್ತು. ಬಾಗಿಲಲ್ಲಿ ಬಸ್ಸಿನ ಮಿಸ್ತ್ರಿಗಳು ಕತ್ತು ಚಾಚಿ ನಿಂತಿದ್ದರು. ನಾನು ಕೈ ಒರೆಸಿಕೊಂಡು, "ಹೌದ್ರಿ, ಎಣ್ಣಿ ಕೆಟ್ಟಿತ್ತು," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೇ ವಾರ ರಾಮಾನನ್ನು ಕೆಲಸದಿಂದ ತೆಗೆದರು. ದಾಂಡೇಲಿಯ ಡಿಪೋದಲ್ಲಿ ಎಲ್ಲರೆದುರು ಅವನ ಕೆನ್ನೆಗೆ ಹೊಡೆದರಂತೆ. ಡಾಕ್ಟರನ್ನು ಕೊಂದವನೆಂದು ಜನ ಉಗಿದರು. ಡಾಕ್ಟರರು ಸತ್ತಿರಲಿಲ್ಲ, ಆದರೆ ಉಗಿಯುವವರಿಗೆ ಅದರ ಗೊಡವೆ ಇರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ರಾಮಾ ಎಲ್ಲಿಗೋ ಹೋದ.

ನಾನು ಮನೆಯಲ್ಲಿ ಊಟ ಮಾಡದೆ ಏಳುತ್ತಿದ್ದೆ. ಖತೀಜಾ ಮೂರು ದಿನ ನೋಡಿ, ನಾಲ್ಕನೆಯ ದಿನ ಕೇಳಿದಳು. ಹೇಳಿದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಅಂವಗೂ ಒಂದ ಕೂಸು ಐತಲ್ರಿ. ಹೋಗಿ ಹೇಳ್ರಿ," ಎಂದಳು.

"ಹೇಳಿದ್ರ ನನ್ನ ಅಂಗಡಿಗೆ ಯಾರ್ ಬರ್ತಾರ?"

"ಯಾರೂ ಬರಬ್ಯಾಡ್ರಿ. ಅಲ್ಲಾ ನೋಡ್ಕೋತಾನ. ಆದರ ನಾ ಈ ಅನ್ನ ಹೆಂಗ ಬಡಸ್ಲಿ?"

ಆದರೂ ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತ ಮುಂದಿನ ಮಳೆಗಾಲ ಬಂತು, ಅದೂ ಕಳೆಯಿತು. ಅಂಗಡಿ ಚೆನ್ನಾಗಿ ನಡೆಯಿತು. ಖತೀಜಾ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಕೊನೆಗೆ, ಧಾರವಾಡದಲ್ಲೇ ಉಳಿದುಬಿಟ್ಟಿದ್ದ ಡಾಕ್ಟರರು ಸಾಮಾನು ಒಯ್ಯಲು ಹಳಿಯಾಳಕ್ಕೆ ಬಂದಿದ್ದಾರೆಂದು ತಿಳಿದು ಅವರಿದ್ದಲ್ಲಿಗೆ ಹೋದೆ. ಬಲಗಾಲು ಮೊಣಕಾಲಿನಿಂದ ಮಡಚುತ್ತಿರಲಿಲ್ಲ. ಬಗಲಿಗೆ ಕೋಲು ಕೊಟ್ಟುಕೊಂಡು ಪುಸ್ತಕಗಳನ್ನು ಗಂಟು ಕಟ್ಟಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಔಡಲೆಣ್ಣೆ ಹಾಕಿದ್ದೆ, ಗುಟ್ಟು ಎಂದು ಮುಚ್ಚಿಟ್ಟಿದ್ದೆ, ರಾಮಾನ ಎಣ್ಣೆ ಒಳ್ಳೆಯದಿತ್ತು ಎಂದೆ.

ಅವರು ಕುರ್ಚಿಯ ಮೇಲೆ ಕೂತು ಕಾಲನ್ನು ಕೈಯಿಂದ ಎತ್ತಿ ಮುಂದಿಟ್ಟುಕೊಂಡರು.

"ಇಮಾಮಸಾಬ, ನಾ ಡಾಕ್ಟರ್. ದಿನಾ ಆ ಎಣ್ಣಿ ಕುಡಿಸಾಂವ. ವಾಸನಿ ನನಗ ಗೊತ್ತಾಗೂದಿಲ್ಲೇನು? ಅದು ಔಡಲೆಣ್ಣಿ ಅಂತ ಇಡೀ ಪ್ಯಾಟಿಗೆ ಗೊತ್ತಿತ್ತು. ಹುಡುಗೋರು ನನ್ನ ಗಾಡಿಗೆ ಜುಲಾಬಿನ ಗಾಡಿ ಅಂತಿದ್ರು. ಕೂಡೂದಿಲ್ಲ ಅನ್ನೂದು ಮಾತ್ರ ನಿನಗೊಬ್ಬಂಗ ಗೊತ್ತಿತ್ತು."

ಅವರು ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. "ನನ್ನ ಕಾಲು ಇರ್ಲಿ. ರಾಮಾಗ ಹೇಳಿ ಬಾ," ಎಂದು ಮತ್ತೆ ಪುಸ್ತಕದ ಕಡೆ ತಿರುಗಿದರು.

ಮೊದಲು ಕಾರಕೂನನ ಹತ್ತಿರ ಹೋದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಹೊಸ ಡ್ರೈವರ್ ಬಂದು ವರ್ಷ ಆತು, ಈಗ ಯಾಕ ಕೆದಕ್ತಿ?" ಎಂದ. ರಾಮಾ ಕ್ಯಾಸಲ್‌ರಾಕ್‌ನಲ್ಲಿದ್ದಾನೆಂದು ಯಾರೋ ಹೇಳಿದರು. ಮರುದಿನವೇ ಹೊರಟೆ. ರೈಲಿನಿಂದ ಇಳಿದಾಗ ಮಟಮಟ ಮಧ್ಯಾಹ್ನ. ಗೋವೆಯ ಕಡೆಯಿಂದ ಬಂದ ಉಪ್ಪಿನ ಮೂಟೆಗಳನ್ನು ವ್ಯಾಗನ್ನಿನಿಂದ ಇಳಿಸುತ್ತಿದ್ದವರ ನಡುವೆ ಅವನು ಇದ್ದ. ಬೆನ್ನ ಚರ್ಮ ಉಪ್ಪಿಗೆ ಬಿರಿದಿತ್ತು. ನನ್ನ ಗುರುತು ಹಿಡಿದು ತಲೆ ತಗ್ಗಿಸಿದ, ತಪ್ಪು ಮಾಡಿದವನು ಅವನೇ ಎಂಬಂತೆ.

"ಡಾಕ್ಟರ್ ಸಾಹೇಬ್ ಕಸೇ ಆಹೇತ್? ಹೆಂಗ್ ಅದಾರ?" ಎಂದು ಮೊದಲು ಕೇಳಿದವನು ಅವನು.

ಚೆನ್ನಾಗಿದ್ದಾರೆ ಎಂದೆ. ಲಾರಿ ಕೆಲಸ ಬೇರೆ ಎಲ್ಲೂ ಸಿಗಲಿಲ್ಲವೇ ಎಂದೆ. ಒಬ್ಬರು ಕರೆದಿದ್ದರಂತೆ, ಅವನೇ ಹೋಗಲಿಲ್ಲವಂತೆ. "ನನ್ನ ಕೈಯಿಂದ ದೇವರಂಥಾ ಮನಿಶ್ಯಾನ ಕಾಲ ಮುರೀತು. ಮತ್ತ ಗಾಡಿ ಮುಟ್ಟೂದು ಬ್ಯಾಡ ಅಂತ ಹರಕಿ ಹೊತ್ತೀನಿ," ಎಂದ.

ಅಲ್ಲಿಯವರೆಗೆ ನಾನು ತಿಳಿದುಕೊಂಡದ್ದು, ಅವನಿಗೆ ತಾನು ನಿರಪರಾಧಿ ಎಂದು ಗೊತ್ತಿದೆ, ನನ್ನ ಮೇಲೆ ದ್ವೇಷ ಇಟ್ಟುಕೊಂಡಿದ್ದಾನೆ ಎಂದು. ಕೆನ್ನೆ ಒಡ್ಡಲು ತಯಾರಾಗಿ ಹೋಗಿದ್ದೆ. ಅವನು ಸೀಲು ಒಡೆದದ್ದು ತನ್ನ ಕೈಯಿಂದಲೇ, ಆದರೂ ತನ್ನ ಕಣ್ಣನ್ನು ನಂಬಿರಲಿಲ್ಲ. ನಾನು ನಿಜ ಹೇಳಿದೆ.

"ತೇಲ, ಎಣ್ಣಿ, ಚಲೋ ಇತ್ತಾ?" ಎಂದ.

"ಚಲೋ ಇತ್ತು."

"ಡಬ್ಬ್ಯಾಗ ಏನೂ ಇರಲಿಲ್ಲಾ?"

"ಏನೂ ಇರಲಿಲ್ಲ. ನಾ ಸುಳ್ಳ ಹೇಳ್ದೆ ರಾಮಾ."

ಅವನು ಹೆಗಲ ಮೇಲಿನ ಗೋಣಿಯನ್ನು ತೆಗೆದು ಮಡಚಿದ, ಮತ್ತೆ ಬಿಚ್ಚಿದ. ಆಚೆಯಿಂದ ಕೂಲಿಗಳ ಮುಕಾದಮ ಅವನ ಹೆಸರು ಹಿಡಿದು ಕೂಗುತ್ತಿದ್ದ.

"ಸಾವಕಾರ ಹೊಡದಾಗ ನಾ ನಂಬಲಿಲ್ಲ ಮಿಸ್ತ್ರಿ. ಮಂದಿ ಉಗುಳಿದಾಗೂ ನಂಬಲಿಲ್ಲ," ಎಂದ. "ಇಮಾಮಸಾಬ ಮಿಸ್ತ್ರಿ ಬಿಚ್ಚಿ ನೋಡಿ ಹೇಳ್ಯಾನ ಅಂದ್ರು. ಆಗ ನಂಬಿದೆ."

ಗೋಣಿಯನ್ನು ಬೆನ್ನಿಗೆ ಹಾಕಿಕೊಂಡು ವ್ಯಾಗನ್ನಿನ ಕಡೆ ನಡೆದ.